ಅಣ್ಣನ ಕಣ್ಣಿನ ಮೇಲೆ ಹೊರಿಸಿದ ಮಸುಕು

ಗದಗ, ಮುಂಡರಗಿ, ಶಿರಹಟ್ಟಿ ಕಡೆಯ ಮದುವೆ ಫೋಟೋಗ್ರಾಫರುಗಳಲ್ಲಿ ಯಾರಿಗಾದರೂ ಕ್ಯಾಮೆರಾ ಬದಲಿಸುವ ಮನಸ್ಸಾದರೆ ಮೊದಲು ನನಗೆ ಫೋನ್ ಮಾಡುತ್ತಾರೆ. ನಾನು ಏಳನೆಯ ತರಗತಿಗೇ ಶಾಲೆ ಬಿಟ್ಟವನು. ಕ್ಯಾಮೆರಾದ ಜೊತೆ ಬರುವ ಇಂಗ್ಲಿಷ್ ಕೈಪಿಡಿ ನನಗೆ ಓದಲು ಬರುವುದಿಲ್ಲ. ಆದರೆ ಒಂದು ಕ್ಯಾಮೆರಾವನ್ನು ನನ್ನ ಕೈಗೆ ಕೊಟ್ಟು ಒಂದು ಮದುವೆಯ ಫೋಟೋ ತೆಗೆಯಲು ಬಿಟ್ಟರೆ, ಅದರ ಆಟೋಫೋಕಸ್ ಎಲ್ಲಿ ಓಡುತ್ತದೆ, ಎಲ್ಲಿ ಎಡವುತ್ತದೆ ಎಂದು ಖಚಿತವಾಗಿ ಹೇಳಬಲ್ಲೆ. ಇಲ್ಲಿಯವರೆಗೆ ನನ್ನ ಮಾತು ಕೇಳಿ ಕ್ಯಾಮೆರಾ ಕೊಂಡವರು ಯಾರೂ ತಿರುಗಿ ಬಂದು ಜಗಳವಾಡಿಲ್ಲ.

ಅವರಿಗೆಲ್ಲ ನಾನು ಹೇಳುವುದು ಇಷ್ಟೇ. ಎರಡು ಕ್ಯಾಮೆರಾಗಳನ್ನು ಹೋಲಿಸಿ ನೋಡಬೇಕಾದರೆ ಒಂದೇ ಜಾಗ, ಒಂದೇ ಬೆಳಕು, ಒಂದೇ ಮನುಷ್ಯ ಇರಬೇಕು. ಎರಡನ್ನೂ ಸರಿಯಾಗಿ ಸಜ್ಜು ಮಾಡಿಕೊಂಡಿರಬೇಕು. ಇಲ್ಲದಿದ್ದರೆ ಅದು ಹೋಲಿಕೆಯಲ್ಲ, ಮೋಸ. ಇದನ್ನು ನಾನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣ, ನಮ್ಮ ಮನೆಯಲ್ಲೇ ನಾನು ಅಂಥ ಮೋಸ ಮಾಡಿದ್ದೇನೆ. ಅದರಿಂದ ನನ್ನ ಅಣ್ಣ ತನ್ನ ಕಣ್ಣು ಹೋಗುತ್ತಿವೆ ಎಂದು ನಂಬಿಬಿಟ್ಟ. ಹಾಗೆ ನಂಬಿದ್ದು ಗೊತ್ತಿದ್ದೂ ನಾನು ಬೇಸಿಗೆಯಿಂದ ಶ್ರಾವಣದವರೆಗೂ ಬಾಯಿ ಬಿಡಲಿಲ್ಲ.

ಬೆಟಗೇರಿಯಲ್ಲಿ ನಮ್ಮದೊಂದು ಫೋಟೋ ಸ್ಟುಡಿಯೋ ಇದೆ. ಸ್ಟುಡಿಯೋ ಮುಂದೆ, ಮನೆ ಹಿಂದೆ. ನಮ್ಮ ಓಣಿಯಲ್ಲಿ ಈಗಲೂ ಒಂದೆರಡು ಮಗ್ಗಗಳ ಸಪ್ಪಳ ಕೇಳುತ್ತದೆ. ನಮ್ಮ ಅಪ್ಪ ನೇಕಾರ. ಅವನಿಗೆ ವಯಸ್ಸಾಗುವ ಮೊದಲೇ ಕಣ್ಣೊಳಗಿನ ನರ ಸೋತು, ಕಾಣುವುದು ಮೆಲ್ಲಗೆ ಕಡಿಮೆಯಾಗುತ್ತ ಬಂತು. ಕೊನೆಯ ವರ್ಷಗಳಲ್ಲಿ ಅವನು ಗೋಡೆ ಹಿಡಿದು ಓಡಾಡುತ್ತಿದ್ದ. ಅಪ್ಪ ಮಗ್ಗ ಬಿಟ್ಟ ಮೇಲೆ ಮನೆ ನಡೆಸಿದವನು ಅಣ್ಣ. ರೀಲು ಹಾಕುವ ಕ್ಯಾಮೆರಾದ ಕಾಲದಲ್ಲಿ ಅವನು ಫೋಟೋ ತೆಗೆಯಲು ಕಲಿತ. ನನಗಿಂತ ಹದಿನೈದು ವರ್ಷ ದೊಡ್ಡವನು. ನನಗೆ ಕ್ಯಾಮೆರಾ ಹಿಡಿಯಲು ಕಲಿಸಿದವನೂ ಅವನೇ.

ಅಣ್ಣನ ಕೆಲಸದ ರೀತಿಯೇ ಬೇರೆ. ಡಿಜಿಟಲ್ ಕ್ಯಾಮೆರಾ ಬಂದರೂ ಅವನು ಫೋಕಸ್ ಮಾಡುವುದನ್ನು ಯಂತ್ರಕ್ಕೆ ಬಿಡಲಿಲ್ಲ. ಅವನ ಬಳಿ ಒಂದು ದೊಡ್ಡ ಬಾಯಿಯ ಲೆನ್ಸ್ ಇತ್ತು. ಕಡಿಮೆ ಬೆಳಕಿನಲ್ಲೂ ಮುಖವನ್ನು ಬೆಣ್ಣೆಯಂತೆ ತೆಗೆಯುತ್ತಿತ್ತು. ಅದರ ಸುತ್ತಲಿನ ಫೋಕಸ್ ಬಳೆಯನ್ನು ಎಡಗೈ ಬೆರಳಿನಿಂದ ಒಂದು ಕೂದಲಷ್ಟು ಆ ಕಡೆ, ಒಂದು ಕೂದಲಷ್ಟು ಈ ಕಡೆ ತಿರುಗಿಸಿ, ಮುಖ ತಿಳಿಯಾಗಿ ಕಂಡ ಕ್ಷಣಕ್ಕೆ ಒತ್ತುತ್ತಿದ್ದ. ನಾನು ಮದುವೆಗಳಲ್ಲಿ ವಿಡಿಯೋ ಮಾಡುತ್ತಿದ್ದೆ. ಅವನ ಕ್ಯಾಮೆರಾ ಅವನದು, ನನ್ನದು ನನ್ನದು. ಒಬ್ಬರದನ್ನು ಒಬ್ಬರು ಮುಟ್ಟುತ್ತಿರಲಿಲ್ಲ.

ಒಳಗೆ ಕನ್ನಡಿಯಿಲ್ಲದ ಈಗಿನ ಮಿರರ್‌ಲೆಸ್ ಕ್ಯಾಮೆರಾದ ರುಚಿ ನನಗೆ ಹತ್ತಿದ್ದು ಮಾಗಡಿ ಕೆರೆಯ ದಂಡೆಯಲ್ಲಿ. ಚಳಿಗಾಲದಲ್ಲಿ ಅಲ್ಲಿಗೆ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಲಕ್ಷ್ಮೇಶ್ವರದಲ್ಲಿ ಸ್ಟುಡಿಯೋ ಇಟ್ಟಿರುವ ಗೆಳೆಯನೊಬ್ಬ ಹೊಸದಾಗಿ ಕ್ಯಾಮೆರಾ ಕೊಂಡಿದ್ದ. ಬೆಳಿಗ್ಗೆ ಅಲ್ಲಿಗೆ ಕರೆದುಕೊಂಡು ಹೋಗಿ ನನ್ನ ಕೊರಳಿಗೆ ಹಾಕಿದ. ಹಕ್ಕಿಗಳು ನೀರಿನಿಂದ ಎದ್ದು ಹೊಲಗಳ ಕಡೆ ಹೊರಟವು. ನಾನು ಗುಂಡಿಯನ್ನು ಅರ್ಧ ಒತ್ತಿದೆ. ಪರದೆಯ ಮೇಲೆ ಒಂದು ಸಣ್ಣ ಹಸಿರು ಚೌಕ ಹಾರುವ ಹಕ್ಕಿಯ ಕಣ್ಣಿನ ಮೇಲೆ ಕುಳಿತು ಅದರ ಜೊತೆಗೇ ಹಾರತೊಡಗಿತು. ಹಕ್ಕಿ ಚೌಕಟ್ಟಿನ ಮೂಲೆಗೆ ಹೋದರೂ ಬಿಡಲಿಲ್ಲ. ನಮ್ಮ ಹಳೆಯ ಕ್ಯಾಮೆರಾಗಳಲ್ಲಿ ಫೋಕಸ್ ಬಿಂದುಗಳೆಲ್ಲ ನಡುವೆ ಗುಂಪಾಗಿರುತ್ತವೆ. ಅಂಚಿನಲ್ಲಿರುವ ಮುಖ ಬೇಕಾದರೆ ನಡುವೆ ಹಿಡಿದು, ಆಮೇಲೆ ಕ್ಯಾಮೆರಾ ಸರಿಸಬೇಕು. ಅಷ್ಟರಲ್ಲಿ ಮನುಷ್ಯ ಅಲುಗಿರುತ್ತಾನೆ. ಇದಕ್ಕೆ ಅಂಚೂ ಒಂದೇ, ನಡುವೂ ಒಂದೇ.

"ಹೆಂಗೈತಿ?" ಎಂದ ಗೆಳೆಯ.

"ಹೇಳಬ್ಯಾಡ. ಇನ್ನ ನನಗ ನಿದ್ದಿ ಬರೂದಿಲ್ಲ" ಎಂದೆ.

ಮನೆಗೆ ಬಂದು ಅಣ್ಣನ ಮುಂದೆ ಮಾತು ತೆಗೆದೆ. ಆ ವಾದ ಬೇಸಿಗೆಯವರೆಗೂ ನಡೆಯಿತು. ಅಣ್ಣ ಮೂರ್ಖನಲ್ಲ. ಅವನ ಮಾತಿನಲ್ಲಿ ಅರ್ಥವಿತ್ತು.

"ಲೇ, ಮಂಟಪದಾಗ ಬೆಳಕ ಇಲ್ಲಂದ್ರ ನಿನ್ನ ಹೊಸಾ ಬಾಡಿ ಏನ ಹುಡುಕತೈತಿ? ಕತ್ತಲಿನ? ಮೊದಲ ಲೆನ್ಸ್. ಬಾಡಿ ಆಮ್ಯಾಲ" ಎನ್ನುತ್ತಿದ್ದ. ಬಾಡಿ ಎಂದರೆ ಲೆನ್ಸ್ ಬಿಚ್ಚಿದ ಬರೀ ಕ್ಯಾಮೆರಾ.

"ಹಳೇ ಲೆನ್ಸ್ ಹೊಸಾ ಬಾಡಿಗೆ ಕೂಡೂ ಹಂಗ ನಡುವ ಅಡಾಪ್ಟರ್ ಹಾಕಿದ್ರ ಆತು."

"ಹಾಕಿದ್ರ ಅದು ಆನಿ ನಡದಂಗ ನಡೀತೈತಿ. ನಿಮ್ಮ ಗೆಳೆಯಾನ ಹೇಳಿದ. ಮತ್ತ ಬ್ಯಾಟರಿ? ನನ್ನ ಕ್ಯಾಮೆರಾ ಒಂದ ಬ್ಯಾಟರ್‍ಯಾಗ ಮದಿವಿ ಮುಗಸತೈತಿ. ಅದಕ್ಕ ಕಿಸೆ ತುಂಬ ಬ್ಯಾಟರಿ ಬೇಕು. ಫೋಟೋ ತಗ್ಯಾಕ ಹೊಕ್ಕಿಯೋ, ಬ್ಯಾಟರಿ ಮಾರಾಕ ಹೊಕ್ಕಿಯೋ?"

ಎಲ್ಲವೂ ಖರೆ. ಈಗಲೂ ಯಾರಾದರೂ ಕೇಳಿದರೆ ನಾನು ಅಣ್ಣನ ಮಾತನ್ನೇ ಅರ್ಧ ಹೇಳುತ್ತೇನೆ. ಬಾಡಿಯ ಆಟೋಫೋಕಸ್ ಎಷ್ಟು ಚುರುಕಾಗಿದ್ದರೂ ಲೆನ್ಸಿನೊಳಗಿನ ಮೋಟಾರು ಮಂದವಾಗಿದ್ದರೆ ಫಲವಿಲ್ಲ. ತೀರ ಹೊಸ ಬಾಡಿ ಕೊಂಡು ಅಗ್ಗದ ಲೆನ್ಸ್ ಹಾಕುವುದಕ್ಕಿಂತ ಒಂದು ತಲೆಮಾರು ಹಿಂದಿನ ಬಾಡಿ ಕೊಂಡು ಒಳ್ಳೆಯ ಲೆನ್ಸ್ ಹಾಕುವುದು ಮೇಲು. ಹೊಲದ ಮನೆಯ ಮದುವೆಗಳಲ್ಲಿ ಗಾಳಿ ಎದ್ದಾಗ ಲೆನ್ಸ್ ಬದಲಿಸಿದರೆ ಒಳಗಿನ ಸೆನ್ಸರಿನ ಮೇಲೆ ಧೂಳು ಕೂರುತ್ತದೆ. ಅದನ್ನು ಕಾಯುವ ಕನ್ನಡಿ ಮಿರರ್‌ಲೆಸ್‌ನಲ್ಲಿ ಇಲ್ಲ. ಆದರೆ ನನ್ನ ಮಾತೂ ಖರೆಯೇ ಇತ್ತು. ಗಿರಾಕಿಗಳ ಬೇಡಿಕೆ ಬದಲಾಗಿತ್ತು. ನಿಂತು ತೆಗೆಸಿಕೊಳ್ಳುವ ಫೋಟೋ ಅವರಿಗೆ ಬೇಡ. ಮದುಮಗಳು ನಗುತ್ತ ಓಡಿ ಬರಬೇಕು, ಗೆಳತಿಯರು ಕುಣಿಯಬೇಕು, ಒಂದೂ ಮಸುಕಾಗಬಾರದು. ಅದನ್ನು ಕೈಯಿಂದ ಬಳೆ ತಿರುಗಿಸಿ ಹಿಡಿಯುವುದು ಯಾರಿಂದಲೂ ಆಗದು.

ಇಷ್ಟು ಹೇಳಿದ್ದರೆ ಸಾಕಿತ್ತು. ಇನ್ನೊಂದು ಹಂಗಾಮು ತಾಳಿದ್ದರೆ ಅಣ್ಣ ತಾನಾಗಿಯೇ ಒಪ್ಪುತ್ತಿದ್ದ. ಆದರೆ ಹೊಸ ಬಾಡಿ ಕೊಳ್ಳಲು ರೊಕ್ಕ ಸಾಲದೆ ಅಣ್ಣನ ಆ ದೊಡ್ಡ ಬಾಯಿಯ ಲೆನ್ಸನ್ನು ಹುಬ್ಬಳ್ಳಿಯ ಅಂಗಡಿಗೆ ಬದಲಿಗೆ ಕೊಡಬೇಕಾಗಿತ್ತು. ಅದನ್ನು ಮಾತ್ರ ಅವನು ಬಿಡಲೊಲ್ಲ.

ಕೊನೆಗೆ ಅವನೇ ಒಂದು ದಾರಿ ಹೇಳಿದ. "ನಿಮ್ಮ ಗೆಳೆಯಾನ ಕಡೆಯಿಂದ ಆ ಕ್ಯಾಮೆರಾ ಒಂದಿನ ಇಸಗೊಂಡ ಬಾ. ನಾ ನಂದರಾಗ ಹೊಡೀತೇನಿ, ನೀ ಅದರಾಗ ಹೊಡಿ. ನಂದು ಸೋತರ ಲೆನ್ಸ್ ತಗೊಂಡ ಹೋಗು."

ಆ ಪರೀಕ್ಷೆಗೆ ಮುಂಚಿನ ದಿನ ಮುಂಡರಗಿ ತಾಲೂಕಿನ ಹಿರೇವಡ್ಡಟ್ಟಿಯಲ್ಲಿ ಒಂದು ತೊಟ್ಟಿಲು ಕಾರ್ಯಕ್ರಮವಿತ್ತು. ನನ್ನ ಕ್ಯಾಮೆರಾ ರಿಪೇರಿಗೆ ಹೋಗಿತ್ತು. ಅಣ್ಣ ಬೇರೆ ಕೆಲಸದ ಮೇಲೆ ಇದ್ದ. ಹೀಗಾಗಿ ಮೊದಲ ಸಲ ಅವನ ಕ್ಯಾಮೆರಾ ಒಯ್ದೆ. ನನಗೆ ದೂರದ್ದು ಕಾಣುವುದಿಲ್ಲ, ಚಷ್ಮಾ ಇದೆ. ಚಷ್ಮಾ ಹಾಕಿಕೊಂಡು ವ್ಯೂಫೈಂಡರಿಗೆ, ಅಂದರೆ ಕ್ಯಾಮೆರಾದ ಹಿಂದಿನ ನೋಡುವ ಕಿಂಡಿಗೆ, ಕಣ್ಣಿಟ್ಟರೆ ಮೂಲೆಗಳು ಕಾಣುವುದಿಲ್ಲವೆಂದು ತೆಗೆದಿಟ್ಟು ನೋಡುತ್ತೇನೆ. ಅದಕ್ಕೆಂದೇ ವ್ಯೂಫೈಂಡರಿನ ಬದಿಯಲ್ಲಿ, ರಬ್ಬರಿನ ಕೆಳಗೆ, ಒಂದು ಪುಟ್ಟ ಗಾಲಿ ಇರುತ್ತದೆ. ನೋಡುವವನ ಕಣ್ಣಿಗೆ ತಕ್ಕಂತೆ ಅದನ್ನು ತಿರುಗಿಸಿಕೊಂಡರೆ ಚಷ್ಮಾ ಇಲ್ಲದೆಯೂ ಒಳಗಿನದು ಸ್ಪಷ್ಟ ಕಾಣುತ್ತದೆ. ಅಣ್ಣನ ಕ್ಯಾಮೆರಾದಲ್ಲಿ ಅದು ಬಿಗಿಯಾಗಿ ಕೂತಿತ್ತು. ರಬ್ಬರ್ ಎತ್ತಿ, ಉಗುರಿನಿಂದ ತಿರುಗಿಸಿ ಕೊನೆಗೆ ತಂದೆ. ತೊಟ್ಟಿಲಿನ ಫೋಟೋಗಳು ಚೆನ್ನಾಗಿ ಬಂದವು. ಮನೆಗೆ ಬಂದು ಕ್ಯಾಮೆರಾ ಒರೆಸಿ ಕಪಾಟಿನಲ್ಲಿಟ್ಟೆ. ಗಾಲಿಯನ್ನು ಮೊದಲಿನ ಜಾಗಕ್ಕೆ ತಿರುಗಿಸುವುದನ್ನು ಮರೆತೆ.

ಇಲ್ಲಿಯವರೆಗೆ ಅದು ಮರೆವು. ಇದಕ್ಕೆ ನಾನು ಯಾರ ಕ್ಷಮೆಯನ್ನೂ ಕೇಳಬೇಕಾಗಿಲ್ಲ.

ಪರೀಕ್ಷೆ ನಮ್ಮ ಓಣಿಯಲ್ಲೇ ನಡೆಯಿತು. ಕ್ಯಾಮೆರಾದ ಫೋಕಸ್ ತಿಳಿಯಬೇಕಾದರೆ ಮನುಷ್ಯ ಕ್ಯಾಮೆರಾದ ಕಡೆಗೇ ನಡೆದು ಬರಬೇಕು. ಅಡ್ಡ ಹೋಗುವವನನ್ನು ಹಿಡಿಯುವುದು ಸುಲಭ. ಎದುರಿಗೆ ಬರುವವನ ದೂರ ಹೆಜ್ಜೆಹೆಜ್ಜೆಗೂ ಬದಲಾಗುತ್ತದೆ. ಅಣ್ಣನ ಹೆಂಡತಿಯನ್ನು, ನಮ್ಮ ವೈನಿಯನ್ನು, ಓಣಿಯ ಆ ತುದಿಯಿಂದ ನಡೆದು ಬರಲು ಕೇಳಿಕೊಂಡೆವು. ಮೊದಲು ನಾಚಿದಳು. ಆಮೇಲೆ ಒಳ್ಳೆಯ ಸೀರೆ ಉಟ್ಟುಕೊಂಡೇ ಬಂದಳು.

ಒಂದು ಸಲ ನನ್ನ ಕಡೆಗೆ, ಒಂದು ಸಲ ಅಣ್ಣನ ಕಡೆಗೆ. ಮತ್ತೆ ಮೊದಲಿನಿಂದ. ಮಗ್ಗದ ಮನೆಯ ಮುದುಕಿ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದಳು.

"ಏನವಾ, ಗಂಡನ ಮನಿಗೆ ಮತ್ತ ಹೊಸದಾಗಿ ಬರಾಕತ್ತೀಯೇನ?" ಎಂದಳು.

"ಹೂನ್ರಿ ಅತ್ತಿ, ಮೊದಲನೇ ಸಲ ಬಂದಾಗ ಇವರು ಒಂದ ಫೋಟೋನೂ ಸರಿ ತಗೀಲಿಲ್ಲ, ಅದಕ್ಕ!" ಎಂದು ವೈನಿ ನಗುತ್ತ ಹೇಳಿ, ನಮ್ಮ ಕಡೆ ತಿರುಗಿ, "ಇದ ಕಡೀದ ನೋಡ್ರಿ. ಒಲಿ ಮ್ಯಾಲ ಬ್ಯಾಳಿ ಇಟ್ಟೇನಿ. ಅದು ಸೀದ್ರ ಇಬ್ಬರೂ ಕ್ಯಾಮೆರಾನ ತಿನ್ನ್ರಿ" ಎಂದಳು.

ನನ್ನ ಕೈಯಲ್ಲಿದ್ದ ಮಿರರ್‌ಲೆಸ್ ವೈನಿಯ ಕಣ್ಣನ್ನು ಓಣಿಯ ತುದಿಯಿಂದ ಹಿಡಿದು ಹತ್ತಿರ ಬರುವವರೆಗೂ ಬಿಡಲಿಲ್ಲ. ಕಂಪ್ಯೂಟರಿಗೆ ಹಾಕಿ ನೋಡಿದೆವು. ನನ್ನವು ಒಂದೆರಡು ಬಿಟ್ಟರೆ ಎಲ್ಲ ತಿಳಿಯಾಗಿದ್ದವು. ಅಣ್ಣನವು ಮಸುಕು. ನಡೆಯುವಾಗಿನವಷ್ಟೇ ಅಲ್ಲ, ವೈನಿ ಕೊನೆಗೆ ನಮ್ಮ ಮುಂದೆ ನಿಂತುಕೊಂಡಾಗ ತೆಗೆದದ್ದೂ ಮಸುಕು. ಒಂದರಲ್ಲಿ ಕಿವಿಯೋಲೆ ತಿಳಿಯಾಗಿದೆ, ಕಣ್ಣಿಲ್ಲ. ಇನ್ನೊಂದರಲ್ಲಿ ಹಿಂದಿನ ಬಾಗಿಲು ತಿಳಿಯಾಗಿದೆ.

ಅಣ್ಣ ಬಹಳ ಹೊತ್ತು ನೋಡಿದ. ಎದ್ದು ಕ್ಯಾಮೆರಾ ತೆಗೆದುಕೊಂಡು ಬಾಗಿಲ ಬೆಳಕಿಗೆ ಹೋಗಿ ಕಣ್ಣಿಟ್ಟ. ಬಳೆಯನ್ನು ಅತ್ತ ಇತ್ತ ತಿರುಗಿಸಿದ. ಕಣ್ಣುಜ್ಜಿಕೊಂಡು ಮತ್ತೆ ನೋಡಿದ.

"ಲೇ ತಮ್ಮಾ, ಹೊಡಿಯೂ ಮುಂದನೂ ಹಿಂಗ ಆಗಿತ್ತು. ಎಷ್ಟ ತಿರುವಿದ್ರೂ ತಿಳಿ ಆಗವಲ್ದು. ಒಳಗಿನ ಅಂಕಿನೂ ಮಸಕ ಕಾಣಾಕತ್ತಾವ" ಎಂದ.

ಒಳಗಿನ ಅಂಕಿಗಳಿಗೂ ಲೆನ್ಸಿಗೂ ಸಂಬಂಧವಿಲ್ಲ. ಅವು ವ್ಯೂಫೈಂಡರಿನ ಒಳಗೇ ಇರುತ್ತವೆ. ಅವೂ ಮಸುಕು ಎಂದರೆ ಕಾರಣ ಒಂದೇ. ಹಿರೇವಡ್ಡಟ್ಟಿಯಲ್ಲಿ ನನ್ನ ಉಗುರು ತಿರುಗಿಸಿದ ಗಾಲಿ ಆಗ ಕಣ್ಣಿಗೆ ಕಟ್ಟಿತು. ರೀಲು ಕ್ಯಾಮೆರಾದಲ್ಲಿ ಕಲಿತ ಅಣ್ಣನಿಗೆ ಅಂಥ ಗಾಲಿ ಇದೆ ಎನ್ನುವುದೇ ಗೊತ್ತಿರಲಿಲ್ಲ. ಅವನಿಗೆ ಅದರ ಅವಶ್ಯಕತೆಯೇ ಬಿದ್ದಿರಲಿಲ್ಲ. ಎಳೆಯ ಕಣ್ಣಾಗಿದ್ದರೆ ಅದಕ್ಕೆ ಹೊಂದಿಕೊಂಡೀತು. ಐವತ್ತು ದಾಟಿದ ಕಣ್ಣಿಗೆ ಅದು ಸಾಧ್ಯವಿಲ್ಲ.

ಬಾಯಿ ತೆರೆದೆ. "ಕೊಡಿಲ್ಲೆ ಅಣ್ಣಾ, ಗಾಲಿ ತಿರುಗೇತಿ" ಎಂದರೆ ಮುಗಿಯುತ್ತಿತ್ತು.

ಅಷ್ಟರಲ್ಲಿ ಅಣ್ಣ ಕ್ಯಾಮೆರಾದಿಂದ ಲೆನ್ಸ್ ಬಿಚ್ಚಿ ನನ್ನ ಕೈಯಲ್ಲಿಟ್ಟ. "ತಗೊಂಡ ಹೋಗು. ನಿಂದ ಖರೆ ಆತು" ಎಂದ.

ನಾನು ತೆಗೆದುಕೊಂಡೆ.

ಲೆನ್ಸ್ ಹುಬ್ಬಳ್ಳಿಗೆ ಹೋಯಿತು, ಹೊಸ ಕ್ಯಾಮೆರಾ ಬಂತು. ಅದರ ಬಗ್ಗೆ ನಾನು ಹೇಳಿದ್ದ ಒಂದು ಮಾತೂ ಸುಳ್ಳಾಗಲಿಲ್ಲ. ನನ್ನ ತಪ್ಪಿನಲ್ಲಿ ನನಗೆ ಹೆಚ್ಚು ಚುಚ್ಚುವುದು ಇದೇ. ಆ ಹಂಗಾಮಿನ ಮೊದಲ ಮದುವೆಯಲ್ಲೇ ಗಿರಾಕಿಗಳು ಖುಷಿಯಾದರು. ಅದು ಎಲ್ಲಿ ಸೋಲುತ್ತದೆ ಎನ್ನುವುದೂ ಬೇಗ ಗೊತ್ತಾಯಿತು. ನಮ್ಮ ಕಡೆ ಸುರಗಿ ನೀರು ಹಾಕುವಾಗ ನಾಲ್ಕು ಮೂಲೆಗೆ ತಂಬಿಗೆ ಇಟ್ಟು ಸುತ್ತಲೂ ನೂಲು ಸುತ್ತಿ, ಒಳಗೆ ಮದುಮಕ್ಕಳನ್ನು ಕೂರಿಸುತ್ತಾರೆ. ಆಟೋಫೋಕಸ್ ಒಮ್ಮೊಮ್ಮೆ ಮುಖ ಬಿಟ್ಟು ಮುಂದಿನ ನೂಲನ್ನೇ ಹಿಡಿಯುತ್ತದೆ. ಅಕ್ಷತೆಯ ಅಕ್ಕಿಕಾಳು ಬೀಳುವ ಹೊತ್ತಿಗೆ ಹಣೆಗೆ ಬಾಸಿಂಗ ಕಟ್ಟಿರುತ್ತಾರೆ. ಅದರ ಮುತ್ತಿನ ಎಳೆಗಳು ಕಣ್ಣಿನ ಮೇಲೆ ಇಳಿಬಿದ್ದಿರುತ್ತವೆ. ಕಣ್ಣು ಹುಡುಕುವ ಕ್ಯಾಮೆರಾಕ್ಕೆ ಮದುಮಕ್ಕಳ ಕಣ್ಣು ಸಿಗುವುದಿಲ್ಲ. ಅದು ಹಿಂದೆ ನಿಂತ ಸೋದರಮಾವನ ಬರಿಗಣ್ಣನ್ನು ಹುಡುಕಿ, ಅವನನ್ನೇ ಮದುಮಗನನ್ನಾಗಿ ಮಾಡಿಬಿಡುತ್ತದೆ. ಅಂಥಲ್ಲಿ ಕಣ್ಣು ಹುಡುಕುವುದನ್ನು ನಿಲ್ಲಿಸಿ, ಒಂದೇ ಬಿಂದುವನ್ನು ಗಲ್ಲದ ಮೇಲೆ ಇಡಬೇಕು. ಇದನ್ನು ನಾನು ಎಲ್ಲ ಫೋಟೋಗ್ರಾಫರುಗಳಿಗೂ ಹೇಳಿಕೊಟ್ಟಿದ್ದೇನೆ. ಅಷ್ಟು ಮಾಡಿದರೆ ಈ ಕ್ಯಾಮೆರಾಕ್ಕೆ ಸಾಟಿಯಿಲ್ಲ.

ಅಣ್ಣ ಮಾತ್ರ ಅದನ್ನು ಮುಟ್ಟಲಿಲ್ಲ. "ಒಮ್ಮೆ ಕಣ್ಣಿಟ್ಟ ನೋಡು" ಎಂದರೆ, "ನೀ ಹಿಡಿ" ಎನ್ನುತ್ತಿದ್ದ. ಮದುವೆಗಳಲ್ಲಿ ಲೈಟಿನ ಕೋಲು ಹಿಡಿದು ನನ್ನ ಹಿಂದೆ ನಿಲ್ಲತೊಡಗಿದ. ಮನೆಯಲ್ಲಿ ಅಪ್ಪನ ಮಾತು ಬರತೊಡಗಿತು. ಅಪ್ಪನಿಗೆ ಮೊದಲು ಮಗ್ಗದ ಎಳೆ ಮಸುಕಾಗಿದ್ದು ಯಾವ ವಯಸ್ಸಿಗೆ, ಆಮೇಲೆ ಎಷ್ಟು ವರ್ಷ ಕಾಣುತ್ತಿತ್ತು ಎಂದು ನನ್ನನ್ನು ಕೇಳುತ್ತಿದ್ದ. ನಾನು ನೆನಪಿಲ್ಲ ಎನ್ನುತ್ತಿದ್ದೆ. ಮೋಟರ್ ಸೈಕಲ್ ಓಡಿಸುವುದನ್ನು ಬಿಟ್ಟ. ಗದಗಿನ ಕಣ್ಣಿನ ಆಸ್ಪತ್ರೆಗೆ ಹೋಗೋಣವೆಂದು ವೈನಿ ಎಷ್ಟು ಸಲ ಹೇಳಿದರೂ ಹೋಗಲಿಲ್ಲ.

"ಅಪ್ಪನ್ನ ಕರಕೊಂಡ ಎಷ್ಟ ತಿರಗೇನಿ, ನನಗ ಗೊತ್ತೈತಿ. ಅವರು ಏನ ಹೇಳ್ತಾರಂತ ಹೋಗಿ ಕೇಳೂ ಹಂಗ ಇಲ್ಲ" ಎಂದ.

ವೈನಿ ನನ್ನನ್ನು ಅಡುಗೆಮನೆಗೆ ಕರೆದು ಅಳುತ್ತ ಹೇಳಿದಳು: "ನಿನ್ನ ಮಾತ ಕೇಳ್ತಾರಪಾ ಅವರು. ನೀ ಹೇಳು. ಹುಡುಗಿ ಇನ್ನ ಕಾಲೇಜ್ ಕಲಿಯಾಕತ್ತಾಳ. ಇವರ ಹಿಂಗ ಕೈಬಿಟ್ಟ ಕುಂತ್ರ ನಾ ಏನ ಮಾಡ್ಲಿ?"

"ಹೇಳ್ತೇನ್ರಿ ವೈನಿ" ಎಂದೆ. ಹೇಳಲಿಲ್ಲ. ಆಸ್ಪತ್ರೆಗೆ ಹೋದರೆ ಕಣ್ಣು ಸರಿ ಇವೆ ಎನ್ನುತ್ತಾರೆ, ಆಗ ಮಸುಕು ಎಲ್ಲಿಂದ ಬಂತು ಎಂಬ ಪ್ರಶ್ನೆ ಏಳುತ್ತದೆ. ಆ ಪ್ರಶ್ನೆ ಏಳದಿರಲೆಂದೇ ನಾನು ಸುಮ್ಮನಿದ್ದೆ. ಇದನ್ನು ಬೇರೆ ಯಾವ ಮಾತಿನಿಂದಲೂ ಮುಚ್ಚಲಾರೆ.

ಶ್ರಾವಣದ ಒಂದು ಮಧ್ಯಾಹ್ನ. ಶಿರಹಟ್ಟಿಗೆ ಆಲ್ಬಮ್ ಕೊಟ್ಟು ಬಂದಿದ್ದೆ. ಊಟದ ಹೊತ್ತಿಗೆ ಸ್ಟುಡಿಯೋದ ಶಟರ್ ಅರ್ಧ ಇಳಿದಿತ್ತು. ಬಗ್ಗಿ ಒಳಗೆ ಬಂದೆ. ಅಣ್ಣ ಒಬ್ಬನೇ ಇದ್ದ. ಕಣ್ಣು ಮುಚ್ಚಿಕೊಂಡು ಕೌಂಟರಿನಿಂದ ಹೊರಟು, ಬಲಗೈ ಗೋಡೆಗೆ ಹಚ್ಚಿ, ಮೆಲ್ಲಗೆ ಸ್ವಿಚ್ಚುಗಳ ಹತ್ತಿರ ಹೋದ. ಬೆರಳಿನಿಂದ ತಡವಿ ಒಂದನ್ನು ಒತ್ತಿದ. ಫ್ಯಾನು ತಿರುಗಿತು. ಅಲ್ಲಿಂದ ಕುರ್ಚಿ ಹುಡುಕುತ್ತ ಬಂದ. ಕುರ್ಚಿ ಇರಬೇಕಾದ ಜಾಗದಲ್ಲಿ ಇರಲಿಲ್ಲ. ಅವನ ಕೈ ಗಾಳಿಯಲ್ಲಿ ಆಡಿತು. ನಮ್ಮ ಅಪ್ಪನ ಕೈ ಹೀಗೆಯೇ ಆಡುತ್ತಿತ್ತು.

ಅವನು ಕುರುಡುತನವನ್ನು ಅಭ್ಯಾಸ ಮಾಡುತ್ತಿದ್ದ.

ನಾನು ಕುರ್ಚಿಯನ್ನು ಅವನ ಕೈಗೆ ತಾಗುವಂತೆ ಸರಿಸಿದೆ. ಅಣ್ಣ ಕಣ್ಣು ತೆರೆದು, ನಾಚಿದವನಂತೆ ನಕ್ಕ.

"ಈಗಿಂದ ರೂಢಿ ಮಾಡ್ಕೊಂಡ್ರ ಆಮ್ಯಾಲ ತ್ರಾಸ ಆಗೂದಿಲ್ಲ" ಎಂದ.

ಕಪಾಟು ತೆರೆದು ಅವನ ಹಳೆಯ ಕ್ಯಾಮೆರಾ ತೆಗೆದೆ. ಯಾರೂ ಕೊಳ್ಳಲಿಲ್ಲವೆಂದು ಅದು ಅಲ್ಲೇ ಉಳಿದಿತ್ತು. ಒಂದು ಸಣ್ಣ ಲೆನ್ಸ್ ಹಾಕಿದೆ. ರಬ್ಬರ್ ಎತ್ತಿ ಗಾಲಿಯನ್ನು ಮೊದಲಿದ್ದ ಗುರುತಿಗೆ ತಿರುಗಿಸಿ ಅವನ ಮುಂದೆ ಹಿಡಿದೆ.

"ಬ್ಯಾಡೋ" ಎಂದ.

"ಒಮ್ಮೆ ನೋಡಣ್ಣಾ. ಆಮ್ಯಾಲ ಏನರ ಅನ್ನು."

ಕಣ್ಣಿಟ್ಟ. ಶಟರಿನ ಕೆಳಗಿಂದ ಕಾಣುವ ಓಣಿಯ ಕಡೆ ತಿರುಗಿಸಿದ. ಬೆರಳು ಬಳೆಯ ಮೇಲೆ ಹೋಯಿತು. ಅತ್ತ ಒಂದಿಷ್ಟು, ಇತ್ತ ಒಂದಿಷ್ಟು. ಹಾಗೇ ನಿಂತ. ಕ್ಯಾಮೆರಾ ಇಳಿಸಲೇ ಇಲ್ಲ.

"ಕಾಣತೈತಿ" ಎಂದ. ಆಮೇಲೆ, "ಅಂಕಿನೂ ಕಾಣ್ತಾವ."

ನಾನು ಹೇಳಿದೆ. ತೊಟ್ಟಿಲು ಕಾರ್ಯಕ್ರಮ, ಗಾಲಿ, ಮರೆತದ್ದು, ಎಲ್ಲ. ಅವನು ಕ್ಯಾಮೆರಾವನ್ನು ಕಣ್ಣಿನಿಂದ ತೆಗೆಯದೆಯೇ ಕೇಳಿದ.

"ನಿನಗ ಯಾವಾಗ ಗೊತ್ತಾತು?"

ಇಲ್ಲಿ ಇನ್ನೊಂದು ಸುಳ್ಳು ಹೇಳಲು ಜಾಗವಿತ್ತು. 'ಇವತ್ತ' ಎನ್ನಬಹುದಾಗಿತ್ತು.

"ಆವತ್ತ. ನೀ ಅಂಕಿ ಮಸಕ ಅಂದಾಗ" ಎಂದೆ.

ಅಣ್ಣ ಕ್ಯಾಮೆರಾ ಇಳಿಸಿದ. ಕೌಂಟರಿನ ಮೇಲೆ ಇಟ್ಟ. ಬಹಳ ನಿಧಾನವಾಗಿ ಇಟ್ಟ. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು.

"ಲೆನ್ಸ್ ಸಲುವಾಗಿ?" ಎಂದ.

"ಹೂಂ."

"ಕೇಳಿದ್ರ ಕೊಡತಿದ್ದೆಲ್ಲೋ."

"ಕೊಡತಿರಲಿಲ್ಲಣ್ಣಾ ನೀ."

ಅವನಿಗೆ ಅಷ್ಟರಲ್ಲೂ ನಗು ಬಂತು, ಕೂಡಲೇ ಹೋಯಿತು. "ಆಗ ಕೊಡತಿರಲಿಲ್ಲ. ದೀಪಾವಳಿಗೆ ಕೊಡತಿದ್ದೆ" ಎಂದ. ಒಳಗಿನ ಬಾಗಿಲು ತೋರಿಸಿದ. "ನನಗ ಹೇಳಿದ್ದ ಮುಗೀತು. ಒಳಗ ಹೋಗಿ ನಿಮ್ಮ ವೈನಿಗೆ ಹೇಳು. ನಾ ಹೇಳೂದಿಲ್ಲ. ನೀನ ಹೇಳು. ನನ್ನ ಕಣ್ಣಿನ ಸಲುವಾಗಿ ಆಕಿ ಎಷ್ಟ ದಿನಾ ಉಪಾಸ ಮಾಡ್ಯಾಳ, ಕೇಳ್ಕೊಂಡ ಬಾ."

ವೈನಿ ರೊಟ್ಟಿ ಬಡಿಯುತ್ತಿದ್ದಳು. ನಾನು ಹೊಸ್ತಿಲ ಮೇಲೆ ಕುಳಿತು ಹೇಳತೊಡಗಿದೆ. ಬಡಿಯುವ ಸಪ್ಪಳ ನಡುವೆ ಒಮ್ಮೆ ನಿಂತಿತು, ಮತ್ತೆ ಶುರುವಾಯಿತು. ಅವಳು ನನ್ನ ಕಡೆ ತಿರುಗಲಿಲ್ಲ. ಹಂಚಿನ ಮೇಲಿನ ರೊಟ್ಟಿ ಕರಿದಾಗುತ್ತಿದ್ದರೂ ತೆಗೆಯಲಿಲ್ಲ.

"ಅವರ ಕಣ್ಣ ಸರಿ ಅದಾವು?" ಎಂದು ಮೊದಲು ಅಷ್ಟೇ ಕೇಳಿದಳು.

"ಅದಾವ್ರಿ."

"ನಾ ನಿನ್ನ ಮುಂದ ಬಂದ ಅತ್ತಾಗೂ ನಿನಗ ಇದು ಗೊತ್ತಿತ್ತು?"

"ಗೊತ್ತಿತ್ರಿ ವೈನಿ."

"ಊಟಾ ಮಾಡಿಯಾ?"

"ಇಲ್ರಿ."

"ಮಾಡಬ್ಯಾಡ" ಎಂದಳು. "ಇವತ್ತ ನನ್ನ ಕೈಲೆ ನಿನಗ ನೀಡಾಕ ಆಗೂದಿಲ್ಲ. ನಾಳೆ ನೀಡ್ತೇನಿ. ಇವತ್ತ ಹೊರಗ ಹೋಗು."

ಮರುದಿನ ಅವಳು ನೀಡಿದಳು, ಮಾತಾಡಲಿಲ್ಲ. ಮಾತು ಬರಲು ದಸರಾ ಕಳೆಯಬೇಕಾಯಿತು. ಅಣ್ಣ ಕಣ್ಣಿನ ಆಸ್ಪತ್ರೆಗೆ ಹೋದ, ನನ್ನನ್ನು ಕರೆಯಲಿಲ್ಲ. ಮಗಳನ್ನು ಕರೆದುಕೊಂಡು ಹೋದ. ಓದಲು ಚಷ್ಮಾ ಬೇಕು, ಬೇರೆ ಏನೂ ಇಲ್ಲ, ಅಪ್ಪನಿಗೆ ಇದ್ದುದರಿಂದ ವರ್ಷಕ್ಕೊಮ್ಮೆ ಬಂದು ತೋರಿಸಿಕೊಂಡು ಹೋಗಿ ಎಂದರಂತೆ. ಇದನ್ನು ನಾನು ಮಗಳ ಬಾಯಿಂದ ಕೇಳಿ ತಿಳಿದೆ.

ಅಣ್ಣ ಈಗ ಮಿರರ್‌ಲೆಸ್ ಹಿಡಿಯುತ್ತಾನೆ. ನಾನು ಅಂಗಡಿಗೆ ಕೊಟ್ಟ ಲೆನ್ಸ್ ತಿರುಗಿ ಸಿಗುವಂತಿರಲಿಲ್ಲ. ಅದನ್ನು ಯಾರೋ ಕೊಂಡು ಹೋಗಿದ್ದರು. ಮೊದಮೊದಲು ಕಣ್ಣು ಹುಡುಕುವ ಆ ಹಸಿರು ಚೌಕವನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. "ಇದು ಯಾಕ ಹಿಂಗ ಹುಚ್ಚರಂಗ ಜಿಗದಾಡತೈತಿ" ಎಂದು ಬೈಯುತ್ತಿದ್ದ. ಆಮೇಲೆ ಅದರ ಗುಟ್ಟು ಹಿಡಿದ. ಓಡುವ ಮಕ್ಕಳು, ಕುಣಿಯುವ ಮಂದಿ ಇದ್ದಲ್ಲಿ ಯಂತ್ರಕ್ಕೆ ಬಿಡುತ್ತಾನೆ. ಸುರಗಿಗೂ ಅಕ್ಕಿಕಾಳಿಗೂ ತಾನೇ ಹಿಡಿಯುತ್ತಾನೆ. ನಾವಿಬ್ಬರೂ ಜಗಳವಾಡದೆ ಒಂದೇ ಹೊತ್ತಿಗೆ ಬರಬಹುದಾಗಿದ್ದ ತೀರ್ಮಾನವೂ ಇದೇ ಆಗಿತ್ತು.

ಮೊನ್ನೆ ಹರ್ತಿಯಲ್ಲಿ ಒಂದು ಮದುವೆ. ಅಣ್ಣ ಫೋಟೋ, ನಾನು ವಿಡಿಯೋ. ಅಕ್ಕಿಕಾಳು ಬಿದ್ದವು. ಅಣ್ಣ ಪಕ್ಕಕ್ಕೆ ಬಂದು ಚಷ್ಮಾ ಹಾಕಿಕೊಂಡು, ಈಗಷ್ಟೇ ತೆಗೆದದ್ದನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದ. ನಾನು ಕ್ಯಾಮೆರಾ ಹಿಡಿಯಲು ಕಲಿತ ದಿನದಿಂದ ಇಂಥ ಹೊತ್ತಿನಲ್ಲಿ ಅವನು ನನ್ನ ಕಡೆ ತಿರುಗಿಸಿ, "ಶಾರ್ಪ್ ಐತೇನೋ?" ಎಂದು ಕೇಳುತ್ತಿದ್ದ. ತನಗೆ ಗೊತ್ತಿದ್ದರೂ ಕೇಳುತ್ತಿದ್ದ. ನಾನು ಅವನ ಮಗ್ಗುಲಲ್ಲೇ ನಿಂತಿದ್ದೆ. ಅಣ್ಣ ಕ್ಯಾಮೆರಾವನ್ನು ಆ ಕಡೆ ನಿಂತಿದ್ದ ಮಂಟಪದ ಹೂವಿನವನಿಗೆ ತೋರಿಸಿದ.

"ನೋಡಪಾ, ಮುಖ ತಿಳಿ ಐತೇನ?"

ಹೂವಿನವನು ಬಗ್ಗಿ ನೋಡಿ, "ಭಾಳ ಚಲೋ ಬಂದೈತ್ರಿ" ಎಂದ.

ನನಗೂ ಅಲ್ಲಿಂದಲೇ ಕಾಣುತ್ತಿತ್ತು. ತಿಳಿಯಾಗಿತ್ತು. ಮುತ್ತಿನ ಎಳೆಗಳ ಹಿಂದೆ ಮದುಮಗಳ ರೆಪ್ಪೆ ಒಂದೊಂದಾಗಿ ಎಣಿಸುವಷ್ಟು ತಿಳಿಯಾಗಿತ್ತು. ನನ್ನನ್ನು ಕೇಳಿರಲಿಲ್ಲ. ನಾನು ವಿಡಿಯೋ ಮುಂದುವರಿಸಿದೆ.